ಎಡಭಾಗದ ನಾಲ್ಕು ತುಂಡುಗಳು

ನನ್ನ ಬಲ ಸ್ತನದಿಂದ ತೆಗೆದ ಅಂಗಾಂಶ 655 ಗ್ರಾಂ, ಎಡದಿಂದ ತೆಗೆದದ್ದು 610 ಗ್ರಾಂ. ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಪ್ಲಾಸ್ಟಿಕ್ ಸರ್ಜನ್ ಈ ಲೆಕ್ಕ ಹೇಳಿದಾಗ, ಒಂದೂಕಾಲು ಕಿಲೋ ಭಾರ ಹೆಗಲಿನಿಂದ ಇಳಿಯಿತಲ್ಲ ಎಂಬ ನೆಮ್ಮದಿಗೆ ಮಲಗಿದಲ್ಲೇ ಅತ್ತುಬಿಟ್ಟೆ. ಆ 610 ಗ್ರಾಮಿನೊಳಗೆ ಬೇರೇನೋ ಸೇರಿಕೊಂಡಿತ್ತೆಂಬುದು ತಿಳಿಯಲು ಇನ್ನೂ ಒಂಬತ್ತು ದಿನ ಹಿಡಿಯಿತು.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆಗ ನನಗೆ ನಲವತ್ತಾರು ವರ್ಷ. ಮಗಳು ಹುಟ್ಟಿದ ಮೇಲೆ ಭಾರವಾದ ಎದೆ ಮತ್ತೆ ಇಳಿಯಲೇ ಇಲ್ಲ. ಬ್ರಾ ಪಟ್ಟಿ ಕೊರೆದು ಎರಡೂ ಹೆಗಲಲ್ಲಿ ಬೆರಳು ಕೂರುವಷ್ಟು ಗುಳಿ ಬಿದ್ದಿತ್ತು, ಕಪ್ಪುಹಲಗೆಯ ಮೇಲೆ ಎರಡು ಪೀರಿಯಡ್ ಬರೆದರೆ ಬಲಗೈ ಜೋಮು ಹಿಡಿಯುತ್ತಿತ್ತು, ಬೇಸಿಗೆ ಬಂತೆಂದರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಸುಲಿಯುತ್ತಿತ್ತು. ಅಲ್ಲಿಗೆ ಹಳೆಯ ಹತ್ತಿ ಪಂಚೆಯ ತುಂಡುಗಳನ್ನು ಮಡಿಸಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ಮೂಳೆ ಡಾಕ್ಟರು ಕುತ್ತಿಗೆಯ ಎಕ್ಸ್‌ರೇ ತೆಗೆಸಿದರು, ಫಿಸಿಯೋಥೆರಪಿ ಆಯಿತು, ಎಣ್ಣೆ, ಶಾಖ ಎಲ್ಲವೂ ಆಯಿತು. ಮೂಲ ಕಾರಣ ಎಲ್ಲಿದೆಯೆಂದು ಬಾಯಿಬಿಟ್ಟು ಹೇಳಲು ನನಗೇ ಹದಿನೇಳೆಂಟು ವರ್ಷ ಬೇಕಾಯಿತು. ಸ್ತನದ ಗಾತ್ರ ಕಡಿಮೆ ಮಾಡುವ ಶಸ್ತ್ರಚಿಕಿತ್ಸೆಯೆಂದರೆ ಅಂದಕ್ಕಾಗಿ ಮಾಡಿಸಿಕೊಳ್ಳುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅತ್ತೆಯವರು, “ದೇವರು ಕೊಟ್ಟಿದ್ದನ್ನ ಯಾರಾದರೂ ಕೊಯ್ಯಿಸಿಕೊಳ್ತಾರೇನಮ್ಮಾ?” ಎಂದು ನೊಂದುಕೊಂಡೇ ಕೇಳಿದರು. ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಅವಕಾಶ ಸಿಗದಿದ್ದರಿಂದ ಸರ್ಕಾರಿ ವಿಮಾ ಇಲಾಖೆಯ (ಕೆ.ಜಿ.ಐ.ಡಿ.) ಸಾಲ ತೆಗೆದೆ.

ಬೆಂಗಳೂರಿನಲ್ಲಿ ಮೊದಲು ಹೋದದ್ದು ಒಂದು ಕಾಸ್ಮೆಟಿಕ್ ಕ್ಲಿನಿಕ್ಕಿಗೆ. ಅಲ್ಲಿ ಕೊಟ್ಟ ಅಂದಾಜು ಪಟ್ಟಿಯಲ್ಲಿ ತೆಗೆದ ಅಂಗಾಂಶದ ಪರೀಕ್ಷೆಯ ಖರ್ಚು ಇರಲಿಲ್ಲ. ಕೇಳಿದಾಗ, “ಮ್ಯಾಮೋಗ್ರಾಂ ಚೆನ್ನಾಗಿದೆಯಲ್ಲ ಮೇಡಂ, ಬರೀ ಕೊಬ್ಬು, ಅದನ್ನು ಕಳಿಸಿ ಸುಮ್ಮನೆ ಯಾಕೆ ದುಡ್ಡು ದಂಡ?” ಎಂದರು. ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಚೆನ್ನಾಗಿಯೇ ಇತ್ತು. 2023ರ ಜನವರಿಯಲ್ಲಿ ಮಾಡಿಸಿದ ಆ ವರದಿಯಲ್ಲಿ ಬೈರಾಡ್ಸ್ 2, ಅಂದರೆ ಕ್ಯಾನ್ಸರಿನ ಲಕ್ಷಣಗಳಿಲ್ಲ ಎಂದಿತ್ತು. ಅದರ ಕೆಳಗೇ, ಸ್ತನದ ಅಂಗಾಂಶ ದಟ್ಟವಾಗಿದೆ ಎಂಬ ಇನ್ನೊಂದು ಸಾಲಿತ್ತು. ದಟ್ಟ ಅಂಗಾಂಶವೂ ಎಕ್ಸ್‌ರೇ ಚಿತ್ರದಲ್ಲಿ ಬಿಳಿ, ಗಂಟೂ ಬಿಳಿ. ಬಿಳಿಯೊಳಗೆ ಬಿಳಿ ಅಡಗಿದರೆ ಕಾಣುವುದು ಕಷ್ಟ ಎಂಬುದನ್ನು ನಾನು ತಿಳಿದದ್ದು ಎಲ್ಲ ಮುಗಿದ ಮೇಲೆ. ಆ ಕ್ಲಿನಿಕ್ ಬಿಟ್ಟದ್ದು ಈ ಪರೀಕ್ಷೆಯ ಕಾರಣಕ್ಕಲ್ಲ. ರಾತ್ರಿ ಹೊತ್ತು ಅಲ್ಲಿ ಡಾಕ್ಟರು ಇರುವುದಿಲ್ಲ ಎಂದು ನಮ್ಮ ಯಜಮಾನರು ಒಪ್ಪಲಿಲ್ಲ. ನನ್ನ ಜೀವನ ತಿರುಗಿದ್ದು ಅಷ್ಟು ಸಣ್ಣ ಕಾರಣಕ್ಕೆ ಎಂದು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಎರಡನೆಯ ಆಸ್ಪತ್ರೆಯಲ್ಲಿ ಅಂಗಾಂಶವನ್ನು ರೋಗ ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ ಕಳಿಸುವುದು ನಿಯಮವಾಗಿತ್ತು. 2023ರ ಏಪ್ರಿಲ್ 18ರಂದು, ಪರೀಕ್ಷೆಗಳ ಗಲಾಟೆ ಮುಗಿದು ರಜೆ ಸಿಕ್ಕ ಮೇಲೆ, ಶಸ್ತ್ರಚಿಕಿತ್ಸೆ ಆಯಿತು. ನಾಲ್ಕು ಗಂಟೆ ಹಿಡಿಯಿತಂತೆ. ಲಂಗರಿನ ಆಕಾರದ ಹೊಲಿಗೆ, ಎರಡೂ ಕಡೆ ಒಳಗಿನ ರಕ್ತ, ನೀರು ಹೊರಹೋಗಲು ಡ್ರೈನ್ ಕೊಳವೆ, ಮೂರನೆಯ ದಿನ ಮನೆಗೆ. ನೋವು ನಾನು ಹೆದರಿದ್ದಷ್ಟು ಇರಲಿಲ್ಲ. ಐದನೆಯ ದಿನ ಕನ್ನಡಿಯ ಮುಂದೆ ನಿಂತಾಗ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು.

ಏಪ್ರಿಲ್ 28ರ ಶುಕ್ರವಾರ ಹೊಲಿಗೆ ತೋರಿಸಲು ಹೋಗಬೇಕಿತ್ತು. ಹಿಂದಿನ ಸಂಜೆ ಆಸ್ಪತ್ರೆಯಿಂದ ಫೋನ್ ಮಾಡಿದ ಸಿಸ್ಟರ್, “ನಾಳೆ ಸರ್ ಜೊತೆಗೇ ಬನ್ನಿ ಅಮ್ಮ, ಒಬ್ಬರೇ ಬರಬೇಡಿ” ಎಂದರು. ಮೇ 10ರ ವಿಧಾನಸಭಾ ಚುನಾವಣೆಯ ಕರ್ತವ್ಯಕ್ಕೆ ಬಂದಿದ್ದ ಆದೇಶದಿಂದ ವಿನಾಯಿತಿ ಪಡೆಯಲು ವೈದ್ಯಕೀಯ ಪ್ರಮಾಣಪತ್ರ ಬರೆಸಿಕೊಳ್ಳುವುದಿತ್ತು, ಸಹಿಗೆ ಇರಬೇಕೆಂದುಕೊಂಡೆ. ಡಾಕ್ಟರು ಹೊಲಿಗೆ ನೋಡಿದರು, ಗಾಯ ಚೆನ್ನಾಗಿ ಮಾಗಿದೆ ಎಂದರು, ಆಮೇಲೆ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ನಮ್ಮ ಪಕ್ಕ ಕುಳಿತರು. ಬಲಗಡೆಯ ಅಂಗಾಂಶದಲ್ಲಿ ಏನೂ ಇಲ್ಲ. ಎಡಗಡೆಯ ಒಂದು ಚೂರಿನಲ್ಲಿ ಏಳು ಮಿಲಿಮೀಟರಿನಷ್ಟು ಜಾಗದಲ್ಲಿ ಡಿ.ಸಿ.ಐ.ಎಸ್. ಇದೆ. ಹಾಲಿನ ನಾಳದೊಳಗೇ ಬೆಳೆದು, ನಾಳದ ಗೋಡೆಯನ್ನು ಇನ್ನೂ ದಾಟಿರದ ಕ್ಯಾನ್ಸರ್ ಅದು, ಸೊನ್ನೆಯ ಹಂತ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಮೊದಲೇ ಸ್ತನ ಕ್ಯಾನ್ಸರ್ ಆಗಿರದಿದ್ದರೆ, ಹೀಗೆ ಸಿಗುವುದು ಹೆಚ್ಚಿನ ವರದಿಗಳ ಪ್ರಕಾರ ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂದರು. ಯಜಮಾನರು ನನ್ನ ಕೈ ಹಿಡಿದದ್ದು ನೆನಪಿದೆ. ಆಮೇಲಿನ ಹತ್ತು ನಿಮಿಷ ಏನು ಮಾತಾಯಿತೆಂದು ನನಗೆ ಇಂದಿಗೂ ಸರಿಯಾಗಿ ನೆನಪಿಲ್ಲ.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಕಿದ್ವಾಯಿಗೆ ಹೋಗಬೇಕಾ?” 1973ರಲ್ಲಿ ಶುರುವಾದ, ಬೆಂಗಳೂರಿನ ಆ ಕ್ಯಾನ್ಸರ್ ಆಸ್ಪತ್ರೆಯ ಹೆಸರು ನಮ್ಮ ಕಡೆಯ ಹಿರಿಯರ ಬಾಯಲ್ಲಿ ರೋಗದ ಹೆಸರೇ ಆಗಿಹೋಗಿದೆ, ಕ್ಯಾನ್ಸರ್ ಎಂಬ ಮಾತು ಆಡಲಾರದವರು ಆ ಊರಿಗೆ, ಆ ಆಸ್ಪತ್ರೆಗೆ ಎಂದು ದನಿ ತಗ್ಗಿಸಿ ಹೇಳುತ್ತಾರೆ.

ಮೂರು ದಿನ ಕಳೆದು ಬುದ್ಧಿ ಸ್ವಲ್ಪ ತಿಳಿಯಾದಾಗ, ವರದಿ ಬರೆದ ಪೆಥಾಲಜಿಸ್ಟನ್ನು ಕಾಣಬೇಕೆಂದು ಕೇಳಿಕೊಂಡೆ. ರೋಗಿಗಳು ಅಲ್ಲಿಯವರೆಗೆ ಹೋಗುವುದು ಅಪರೂಪವಂತೆ. ನೆಲಮಾಳಿಗೆಯ ಆ ಕೊಠಡಿಯ ಹೊರಗೆ ಕೂರಲು ಕುರ್ಚಿಯೂ ಇರಲಿಲ್ಲ. ನನ್ನ ವಯಸ್ಸಿನ ಹೆಂಗಸು ಆಕೆ. ನಾನು ವಿಜ್ಞಾನದ ಮೇಷ್ಟ್ರು ಎಂದು ತಿಳಿದೊಡನೆ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು, “ನೀವೇ ನೋಡಿ ಟೀಚರ್” ಎಂದು ಎದ್ದು ಜಾಗ ಬಿಟ್ಟರು. ವರ್ಷವರ್ಷವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸುವವಳು ನಾನು. ಈಗ ಒಂದು ಕಣ್ಣು ಮುಚ್ಚಿದ್ದು ಅಭ್ಯಾಸಬಲದಿಂದ, ಅದರಲ್ಲಿ ನೋಡಲು ಎರಡು ಕಣ್ಣೂ ಬೇಕೆಂದು ಆಕೆ ಹೇಳಬೇಕಾಯಿತು. ತಿಳಿಗುಲಾಬಿ ಬಯಲಿನ ನಡುವೆ ನೇರಳೆ ಚುಕ್ಕೆಗಳು ಒತ್ತಾಗಿ ತುಂಬಿದ ಐದಾರು ದುಂಡನೆಯ ಮನೆಗಳು. ಪಕ್ಕದಲ್ಲೇ ಒಂದು ಆರೋಗ್ಯವಂತ ನಾಳವಿತ್ತು: ನಡುವೆ ಖಾಲಿ ಜಾಗ, ಅಂಚಿಗೆ ಎರಡೇ ಸಾಲು ಕೋಶಗಳು, ಬಳೆಯ ಹಾಗೆ. ರೋಗದ ನಾಳಗಳಲ್ಲಿ ಆ ಖಾಲಿ ಜಾಗವೇ ಇರಲಿಲ್ಲ. “ಸುತ್ತ ಗೋಡೆ ಇದೆ ನೋಡಿ, ಎಲ್ಲೂ ಒಡೆದಿಲ್ಲ. ಒಡೆದಿದ್ದರೆ ಬೇರೆ ಮಾತಾಗುತ್ತಿತ್ತು” ಎಂದು ಆಕೆ ತಾಳ್ಮೆಯಿಂದ ಹೇಳಿದರು. ಆ ಗೋಡೆಯನ್ನು ನಾನು ಬಹಳ ಹೊತ್ತು ನೋಡಿದೆ.

ಇದು ಸಿಕ್ಕಿದ ಬಗೆಯನ್ನೂ ಆಕೆಯೇ ತಿಳಿಸಿದರು. ಆರುನೂರು ಗ್ರಾಂ ಅಂಗಾಂಶವನ್ನು ಪೂರ್ತಿಯಾಗಿ ಸ್ಲೈಡ್ ಮಾಡುವುದು ಸಾಧ್ಯವಿಲ್ಲ. ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾದದ್ದನ್ನು ಬ್ರೆಡ್ಡಿನಂತೆ ತೆಳ್ಳಗೆ ಹೋಳು ಮಾಡುತ್ತಾರೆ, ಪ್ರತಿ ಹೋಳನ್ನೂ ಕಣ್ಣಲ್ಲಿ ನೋಡಿ ಬೆರಳಲ್ಲಿ ಒತ್ತಿ ಪರೀಕ್ಷಿಸುತ್ತಾರೆ, ಹಳದಿ ಕೊಬ್ಬನ್ನು ಬಿಟ್ಟು ಬೆಳ್ಳಗೆ ಗಟ್ಟಿಯಾಗಿರುವ ಕಡೆಯಿಂದ ಕೆಲವೇ ಚೂರುಗಳನ್ನು ಆಯ್ದು ಮೇಣದಲ್ಲಿ ಕೂರಿಸುತ್ತಾರೆ. ಆ ಮೇಣದ ಬ್ಲಾಕಿನಿಂದ ಕೂದಲಿಗಿಂತಲೂ ಎಷ್ಟೋ ತೆಳುವಾದ ಪದರ ಕೊಯ್ದು ಬಣ್ಣ ಹಾಕಿದರೆ ಸ್ಲೈಡ್. ನನ್ನ ಎಡಭಾಗದಿಂದ ಮೊದಲು ತೆಗೆದದ್ದು ನಾಲ್ಕು ಬ್ಲಾಕು. ಮೂರನೆಯದರಲ್ಲಿ ರೋಗ ಕಂಡಕೂಡಲೇ ಆಕೆ ಮತ್ತೆ ಡಬ್ಬದಿಂದ ಹೋಳುಗಳನ್ನು ತೆಗೆದು ಇನ್ನೂ ಹದಿನಾರು ಬ್ಲಾಕು ಮಾಡಿದ್ದರು. ಅವುಗಳಲ್ಲಿ ಇನ್ನೊಂದು ಕಡೆ ಮೂರು ಮಿಲಿಮೀಟರಿನಷ್ಟು ಸಿಕ್ಕಿತ್ತು. ಅದೃಷ್ಟ ಎಂಬ ಮಾತನ್ನು ಆಕೆ ಬಳಸಲಿಲ್ಲ. ನಾನು ಬಳಸುತ್ತೇನೆ, ಅದರ ಜೊತೆಗೆ ಆಕೆಯ ಬೆರಳುಗಳ ಶ್ರದ್ಧೆಯನ್ನೂ ನೆನೆಯುತ್ತೇನೆ.

ಆಮೇಲೆ ನಾನು ಕೇಳಿದ್ದು ಯಾರಾದರೂ ಕೇಳುವ ಪ್ರಶ್ನೆ: ಹಾಗಾದರೆ ಎಲ್ಲವೂ ಹೊರಬಂದಿದೆಯೋ, ಒಳಗೆ ಉಳಿದಿದೆಯೋ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕ್ಯಾನ್ಸರ್ ಎಂದು ಗೊತ್ತಿದ್ದು ತೆಗೆಯುವಾಗ ಸರ್ಜನ್ ಗಂಟನ್ನು ಸುತ್ತಲಿನ ಅಂಗಾಂಶದೊಡನೆ ಒಂದೇ ತುಂಡಾಗಿ ತೆಗೆದು, ಮೇಲಂಚಿಗೆ ಗಿಡ್ಡ ದಾರ, ಪಕ್ಕದಂಚಿಗೆ ಉದ್ದ ದಾರ ಹಾಕಿ ಕಳಿಸುತ್ತಾರೆ. ಪೆಥಾಲಜಿಸ್ಟ್ ಅಂಚುಗಳಿಗೆ ಶಾಯಿ ಬಳಿದು, ರೋಗ ಶಾಯಿಯಿಂದ ಎಷ್ಟು ದೂರವಿದೆಯೆಂದು ಅಳೆಯುತ್ತಾರೆ. ಅಂಚು ಶುದ್ಧವಾಗಿದ್ದರೆ ನೆಮ್ಮದಿ. ನನ್ನ ಎಡ ಸ್ತನದ ಅಂಗಾಂಶ ಬಂದದ್ದು ನಾಲ್ಕು ತುಂಡುಗಳಾಗಿ, ಒಂದೇ ಡಬ್ಬದಲ್ಲಿ, ಒಂದು ದಾರವೂ ಇಲ್ಲದೆ. ಡಬ್ಬದ ಮೇಲೆ ‘ಎಡ’ ಎಂದು ಬರೆದದ್ದಷ್ಟೇ ಇದ್ದ ಗುರುತು. ಯಾವ ತುಂಡು ಮೇಲಿನದು, ಯಾವುದು ಕಂಕುಳ ಕಡೆಯದು, ರೋಗವಿದ್ದ ಅಂಚು ನನ್ನ ಮೈಯಲ್ಲಿ ಉಳಿದ ಯಾವ ಭಾಗಕ್ಕೆ ಅಂಟಿಕೊಂಡಿತ್ತು ಎಂಬುದನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಸಾಲದ್ದಕ್ಕೆ ಉಳಿದ ಅಂಗಾಂಶವನ್ನು ಮಡಿಸಿ, ಮೇಲಕ್ಕೆತ್ತಿ, ಜಾಗ ಬದಲಿಸಿ ಹೊಲಿದಾಗಿತ್ತು.

ಎರಡನೆಯ ಅಭಿಪ್ರಾಯಕ್ಕೆ ಬ್ಲಾಕುಗಳನ್ನೂ ಸ್ಲೈಡುಗಳನ್ನೂ ನಾವೇ ಒಯ್ಯಬೇಕಿತ್ತು. ಡಾಕ್ಟರ ಪತ್ರ, ಆಧಾರ್ ಪ್ರತಿ, ರಿಜಿಸ್ಟರಿನಲ್ಲಿ ಸಹಿ. ಅಷ್ಟಾದ ಮೇಲೆ ಕೌಂಟರಿನ ಹುಡುಗ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಜಿಪ್ ಕವರಿನಲ್ಲಿ ಹಾಕಿದ ಇಪ್ಪತ್ತು ಬ್ಲಾಕುಗಳನ್ನೂ ಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಚಿಕ್ಕವು, ತಿಳಿ ಮೇಣದೊಳಗೆ ಮಾಸಲು ಬಣ್ಣದ ಚೂರುಗಳು. ಮೇ ತಿಂಗಳ ಬಿಸಿಲು. ಮೇಣ ಕರಗೀತೇ ಎಂದು ಕೇಳಿದೆ. ಅಷ್ಟು ಬೇಗ ಕರಗೋದಿಲ್ಲ, ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಮಾತ್ರ ಬಿಡಬೇಡಿ ಎಂದ. ಯಜಮಾನರು ಎತ್ತಿಕೊಳ್ಳಲು ಬಂದರೂ ಕೊಡದೆ, ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡು ಕೂತೆ. ಕೆಲವೇ ದಿನಗಳ ಹಿಂದೆ ನನ್ನ ಮೈಯೇ ಆಗಿದ್ದದ್ದು ಕರವಸ್ತ್ರ, ಚಿಲ್ಲರೆ, ಮನೆ ಕೀಲಿಗಳ ಜೊತೆ ಇತ್ತು.

ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿಯವರು ಅದೇ ನಿರ್ಣಯವನ್ನು ಒಪ್ಪಿದರು. ಮಧ್ಯಮ ದರ್ಜೆ, ಈಸ್ಟ್ರೋಜನ್ ಗ್ರಾಹಕ ಇದೆ, ಅಂದರೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ ರೋಗ. ಶಸ್ತ್ರಚಿಕಿತ್ಸೆಯ ಬಾವು ಇಳಿಯಲೆಂದು ಜೂನ್ ಮಧ್ಯದವರೆಗೆ ಕಾದು ಎಂ.ಆರ್.ಐ. ಮಾಡಿಸಿದರೆ, ಅದರಲ್ಲಿ ಹೊಲಿಗೆಯ ಕಲೆ ಮತ್ತು ಸತ್ತ ಕೊಬ್ಬಿನ ಗಂಟುಗಳೇ ಕಂಡು, ಇದೆಯೆಂದಾಗಲೀ ಇಲ್ಲವೆಂದಾಗಲೀ ಹೇಳುವಂತಿರಲಿಲ್ಲ. ಟ್ಯೂಮರ್ ಬೋರ್ಡಿನಲ್ಲಿ ಸರ್ಜನ್, ರೇಡಿಯೇಷನ್ ಡಾಕ್ಟರು, ಪೆಥಾಲಜಿಸ್ಟ್ ಸೇರಿ ಚರ್ಚಿಸಿ ನನ್ನ ಮುಂದೆ ಎರಡು ದಾರಿ ಇಟ್ಟರು. ಸ್ತನ ಉಳಿಸಿಕೊಂಡು ಪೂರ್ತಿ ಸ್ತನಕ್ಕೆ ವಿಕಿರಣ ಚಿಕಿತ್ಸೆ ಪಡೆದು, ಮಾತ್ರೆ ತೆಗೆದುಕೊಳ್ಳುತ್ತಾ ನಿಗಾದಲ್ಲಿರುವುದು ಒಂದು. ಆದರೆ ಅಂಚು ಶುದ್ಧವೆಂದು ತಿಳಿಯದೆ ವಿಕಿರಣವನ್ನೇ ನಂಬುವುದು, ಹೆಚ್ಚುವರಿ ವಿಕಿರಣ ಯಾವ ಜಾಗಕ್ಕೆ ಕೊಡಬೇಕೆಂದೂ ಗೊತ್ತಿಲ್ಲದಿರುವುದು ಅದರ ತೊಡಕು. ಎಡ ಸ್ತನವನ್ನು ಪೂರ್ತಿಯಾಗಿ ತೆಗೆಯುವುದು ಇನ್ನೊಂದು. ಎರಡು ವಾರ ನಾನು ಯಾರೊಂದಿಗೂ ನೆಟ್ಟಗೆ ಮಾತನಾಡಲಿಲ್ಲ. ಹದಿನೆಂಟರ ಮಗಳು ಒಂದು ರಾತ್ರಿ ಪಕ್ಕದಲ್ಲಿ ಮಲಗಿ, “ಅಮ್ಮಾ, ನೀನು ಪ್ರತಿ ಆರು ತಿಂಗಳಿಗೂ ಹೆದರಿಕೊಂಡು ಇರಬಲ್ಲೆಯಾ?” ಎಂದು ಕೇಳಿದಳು. ಇರಲಾರೆ ಎಂದು ನನಗೆ ಗೊತ್ತಿತ್ತು. ಬೇರೆಯವರು ಇರಬಲ್ಲರು, ಅವರ ತೀರ್ಮಾನವೂ ನನ್ನದರಷ್ಟೇ ಸರಿ.

ಜುಲೈ ಎರಡನೆಯ ವಾರ ಸ್ತನ ತೆಗೆದರು. ಕ್ಯಾನ್ಸರ್ ಚಿಕಿತ್ಸೆಯಾದ್ದರಿಂದ ಈ ಸಲ ಜ್ಯೋತಿ ಸಂಜೀವಿನಿಯಲ್ಲಿ ಆಯಿತು. ಕ್ಯಾನ್ಸರ್ ಹರಡಿದರೆ ಮೊದಲು ತಲುಪುವ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಹುಡುಕಲು ನೀಲಿ ಬಣ್ಣ ಚುಚ್ಚಿದ್ದರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ದಾರಿಗಳು ಕತ್ತರಿಸಿಹೋಗಿರಬಹುದಾದ್ದರಿಂದ ಬಣ್ಣ ತಲುಪುತ್ತದೋ ಇಲ್ಲವೋ ಎಂಬ ಅನುಮಾನವಿತ್ತು, ತಲುಪಿತು. ಮರುದಿನ ಮೂತ್ರ ಹಸಿರುನೀಲಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ನಾನು ಬೆಚ್ಚಿದಾಗ, ಇದನ್ನು ಮೊದಲೇ ಹೇಳಬೇಕಿತ್ತು ಎಂದು ಸಿಸ್ಟರ್ ನೊಂದುಕೊಂಡರು.

ವರದಿ ಬಂತು. ಎರಡು ದುಗ್ಧಗ್ರಂಥಿಗಳೂ ಶುದ್ಧ. ಸ್ತನದಲ್ಲಿ ಉಳಿದ ರೋಗ: ಇಲ್ಲ.

ಆ ‘ಇಲ್ಲ’ ಎಂಬ ಪದವನ್ನು ಓದಿ ಮನೆಯವರೆಲ್ಲ ದೇವರಿಗೆ ಕೈ ಮುಗಿದರು. ನಾನೂ ಮುಗಿದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ರೋಗವೆಲ್ಲ ಏಪ್ರಿಲ್ 18ರಂದೇ ಆ ನಾಲ್ಕು ತುಂಡುಗಳಲ್ಲಿ ಹೊರಬಂದಿತ್ತು ಎಂದಾದರೆ ಜುಲೈಯಲ್ಲಿ ನಾನು ಕಳೆದುಕೊಂಡದ್ದು ಯಾತಕ್ಕೆ? ಕ್ಯಾನ್ಸರ್ ಸರ್ಜನ್ ಬಳಿ ಇದನ್ನು ಕೇಳಿಯೇಬಿಟ್ಟೆ. “ಇಲ್ಲ ಅಂತ ಗೊತ್ತಾಗಿದ್ದೇ ತೆಗೆದು ನೋಡಿದ ಮೇಲೆ ಅಲ್ಲವೇನಮ್ಮಾ” ಎಂದರು. ತುಂಡುಗಳಿಗೆ ಗುರುತು ಇದ್ದಿದ್ದರೂ ಖಚಿತವಾಗಿ ಹೇಳಲು ಆಗುತ್ತಿತ್ತೆಂದು ಪ್ರಮಾಣ ಮಾಡಲಾರೆ, ಆದರೆ ಎಲ್ಲಿ ಹುಡುಕಬೇಕೆಂದಾದರೂ ತಿಳಿಯುತ್ತಿತ್ತು, ಬಹುಶಃ ಅಷ್ಟು ಜಾಗವನ್ನೇ ತೆಗೆದು ನೋಡಬಹುದಿತ್ತು ಎಂದೂ ಸೇರಿಸಿದರು. ಆ ‘ಬಹುಶಃ’ ನನ್ನನ್ನು ಒಂದು ವರ್ಷ ಸುಟ್ಟಿದೆ.

ಸಿಟ್ಟು ಇಳಿದ ಮೇಲೆ ಮೊದಲ ಸರ್ಜನ್ ಬಳಿಗೆ ಹೋಗಿ ನೇರವಾಗಿ ಹೇಳಿದೆ. ನಾಲ್ಕು ತುಂಡಿಗೆ ನಾಲ್ಕು ದಾರ ಕಟ್ಟಲು, ಇಲ್ಲವೇ ನಾಲ್ಕು ಡಬ್ಬ ಇಡಲು ಎಷ್ಟು ಹೊತ್ತು ಬೇಕಿತ್ತು ಡಾಕ್ಟ್ರೇ ಎಂದೆ. ಅವರು ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ. ರೋಗದ ಶಂಕೆಯಿಲ್ಲದ ಕಡೆ ಯಾರೂ ಹಾಗೆ ಮಾಡುವುದಿಲ್ಲವೆಂದು ತಾವೂ ಮಾಡುತ್ತಿರಲಿಲ್ಲ, ನಿಮ್ಮ ನಂತರ ಮಾಡುತ್ತಿದ್ದೇನೆ ಎಂದರು. ಅವರ ಮೇಲೆ ಈಗ ನನಗೆ ದ್ವೇಷವಿಲ್ಲ. ಅಂಗಾಂಶವನ್ನು ಪರೀಕ್ಷೆಗೆ ಕಳಿಸಿದವರೂ ಅವರೇ ಎಂಬುದನ್ನು ನಾನು ಮರೆಯಕೂಡದು. ಆದರೆ ಈ ಶಸ್ತ್ರಚಿಕಿತ್ಸೆಗೆ ಹೊರಟ ಪರಿಚಯದ ಹೆಂಗಸರು ಯಾರೇ ಕೇಳಿದರೂ ಮೂರು ಮಾತು ತಪ್ಪದೆ ಹೇಳುತ್ತೇನೆ: ತೆಗೆದದ್ದೆಲ್ಲ ಪೆಥಾಲಜಿಗೆ ಹೋಗಬೇಕು, ಎಡ ಬಲ ಬೇರೆ ಬೇರೆಯಾಗಿ, ಯಾವ ಭಾಗದ್ದೆಂಬ ಗುರುತಿನೊಡನೆ ಹೋಗಬೇಕು, ಮತ್ತು ವರದಿಯ ಪ್ರತಿ ನಿಮ್ಮ ಕೈಗೆ ಬರಬೇಕು. ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಬೇಕು. ಹೊಲಿಗೆ ಹಾಕಿದ ಮೇಲೆ ಕೇಳಿ ಪ್ರಯೋಜನವಿಲ್ಲ. ನನ್ನ ತಂಗಿ ನಲವತ್ತು ದಾಟಿದವಳು, ಆ ವರ್ಷವೇ ಮ್ಯಾಮೋಗ್ರಾಂ ಜೊತೆಗೆ ಅಲ್ಟ್ರಾಸೌಂಡನ್ನೂ ಮಾಡಿಸಿಕೊಂಡಳು.

ಬಲ ಸ್ತನಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತಿದೆ. ಅಲ್ಲಿ ರೋಗ ಬರುವ ಸಾಧ್ಯತೆ ತಗ್ಗಿಸಲು ಈಸ್ಟ್ರೋಜನ್ ಪರಿಣಾಮ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ಶುರುಮಾಡಿದರು. ದಿನಕ್ಕೆ 20 ಮಿಲಿಗ್ರಾಂನಂತೆ ಐದು ವರ್ಷ ಕೊಡುವುದು ರೂಢಿ. ಇಟಲಿಯಲ್ಲಿ 5 ಮಿಲಿಗ್ರಾಂ ಅನ್ನು ಮೂರು ವರ್ಷ ಕೊಟ್ಟು ನಡೆಸಿದ ಪ್ರಯೋಗವೂ ಒಳ್ಳೆಯ ಫಲ ಕೊಟ್ಟಿದೆಯೆಂದು ವಿವರಿಸಿ, 10 ಮಿಲಿಗ್ರಾಂ ಮಾತ್ರೆಯನ್ನು ದಿನ ಬಿಟ್ಟು ದಿನ ಬರೆದುಕೊಟ್ಟರು. ಅದರಿಂದಾಗಿ ಪಾಠ ಮಾಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಮುಖಕ್ಕೆ ಬಿಸಿಯೇರಿ ಬೆವರು ಇಳಿಯುತ್ತದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳದೆಯೇ ಕಿಟಕಿ ತೆರೆಯುತ್ತಾಳೆ.

ಸ್ತನ ಮರುರಚನೆಗೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆನಿಸಿತು. ಬ್ರಾ ಒಳಗಿಡುವ ಸಿಲಿಕೋನ್ ಸ್ತನ ಕೊಳ್ಳಲು ಹೋದಾಗ ಅಂಗಡಿಯ ಹೆಂಗಸು ಅಳತೆಪಟ್ಟಿಯಲ್ಲಿ ಬಲಗಡೆಯನ್ನು ಅಳೆದು, ಮೂರು ನಾಲ್ಕನ್ನು ಒಂದೊಂದಾಗಿ ನನ್ನ ಅಂಗೈ ಮೇಲಿಟ್ಟು ಭಾರ ನೋಡಿಸಿದರು. ಹಗುರವಾದದ್ದೇ ಸಾಕು ಎಂದೆ. ಒಪ್ಪಲಿಲ್ಲ. ಎರಡು ಕಡೆಯ ತೂಕ ಸರಿಹೋಗದಿದ್ದರೆ ಹೆಗಲು ಒಂದು ಕಡೆಗೆ ವಾಲಿ ಮತ್ತೆ ಕುತ್ತಿಗೆ ನೋವು ಬರುತ್ತದಕ್ಕಾ ಎಂದು, 350 ಗ್ರಾಮಿನದನ್ನು ಎಡಗಡೆಯ ಜೇಬಿಗೆ ತಾವೇ ಸೇರಿಸಿ, ಸೆರಗು ಸರಿಮಾಡಿ, ಕನ್ನಡಿಯ ಮುಂದೆ ನಿಲ್ಲಿಸಿ ಎರಡು ಹೆಗಲೂ ಸಮ ಇವೆಯೇ ಎಂದು ಹಿಂದೆ ನಿಂತು ನೋಡಿದರು. ಸಮ ಇದ್ದವು.